ಲೋಭಕ್ಕೂ ಒಂದು ಕಚೇರಿ ಬೇಕು

ಕೋಲ್ಕತ್ತದ ಬಿಬಿಡಿ ಬಾಗ್ ಅನ್ನು ಒಂದು ಸುತ್ತು ಹಾಕಿ ಬರಲು ಅರ್ಧ ಗಂಟೆ ಸಾಕು. ನಡುವೆ ಲಾಲ್ ದಿಘಿ ಎಂಬ ಕೆರೆ. ಉತ್ತರಕ್ಕೆ ಉದ್ದಕ್ಕೂ ಚಾಚಿದ ಕೆಂಪು ರೈಟರ್ಸ್ ಬಿಲ್ಡಿಂಗ್, ಪಶ್ಚಿಮಕ್ಕೆ ಬಿಳಿ ಗುಮ್ಮಟದ ಜನರಲ್ ಪೋಸ್ಟ್ ಆಫೀಸು, ಅದರಾಚೆ ರಿಸರ್ವ್ ಬ್ಯಾಂಕಿನ ಪ್ರಾದೇಶಿಕ ಕಚೇರಿ. ರೈಟರ್ಸ್ ಹಿಂಬದಿಯ ಲಯನ್ಸ್ ರೇಂಜ್‌ನಲ್ಲಿ 1908ರಲ್ಲಿ ಹುಟ್ಟಿದ ಕಲ್ಕತ್ತಾ ಸ್ಟಾಕ್ ಎಕ್ಸ್‌ಚೇಂಜಿನ ಕಟ್ಟಡ. ದಕ್ಷಿಣಕ್ಕೆ ತುಸು ನಡೆದರೆ ಗವರ್ನರ್ ಜನರಲ್‌ಗಳು ಬಾಳಿ ಬದುಕಿದ ಅರಮನೆ. ಮೊದಲು ಡಾಲ್‌ಹೌಸಿ ಸ್ಕ್ವೇರ್ ಆಗಿದ್ದ ಚೌಕಕ್ಕೆ ಈಗ ಬಿನಯ್, ಬಾದಲ್, ದಿನೇಶ್ ಎಂಬ ಮೂವರು ತರುಣರ ಹೆಸರು. 1930ರ ಡಿಸೆಂಬರ್ 8ರಂದು ರೈಟರ್ಸ್ ಒಳಗೆ ನುಗ್ಗಿ ಜೈಲು ಇಲಾಖೆಯ ಮುಖ್ಯಸ್ಥ ಸಿಂಪ್ಸನ್‌ನನ್ನು ಗುಂಡಿಟ್ಟು ಕೊಂದವರು ಅವರು.

ಮನುಷ್ಯನ ದುರಾಸೆಯ ಬಗ್ಗೆ ಬರೆಯಹೊರಟವನು ಈ ಚೌಕಕ್ಕೇಕೆ ಬಂದ ಎಂದು ಓದುಗರು ಕೇಳಬಹುದು. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳನ್ನು ನಾವು ಒಳಗಿನ ಶತ್ರುಗಳೆಂದೇ ಕಲಿತು ಬಂದವರು. ಪುರಾಣ ಹೇಳುವವರಿಂದ ಹಿಡಿದು ಬೆಳಗಿನ ವಾಟ್ಸ್‌ಆ್ಯಪ್ ಸಂದೇಶದವರೆಗೆ ಎಲ್ಲರೂ ಹೇಳುವುದು ಒಂದೇ: ಕಾಲ ಕೆಟ್ಟಿತು, ಜನಕ್ಕೆ ಆಸೆ ಹೆಚ್ಚಾಯಿತು. ಆಸೆ ಯಾವ ಕಾಲದಲ್ಲಿ ಕಡಿಮೆ ಇತ್ತೋ ನನಗೆ ಗೊತ್ತಿಲ್ಲ. ಅದನ್ನು ಅಳೆಯುವ ಮಾಪಕವೂ ಇಲ್ಲ. ಆದರೆ ಆಸೆಗೆ ಮೇಜು, ಮೊಹರು, ರಸೀದಿ, ಕಮಿಷನ್ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ದಾಖಲೆಗಳಿವೆ. ಇನ್ನೂರೈವತ್ತು ವರ್ಷಗಳ ಅಂಥ ದಾಖಲೆ ಇಷ್ಟು ಸಣ್ಣ ಜಾಗದಲ್ಲಿ ಒತ್ತಾಗಿ ಸಿಗುವ ಇನ್ನೊಂದು ಸ್ಥಳ ನಮ್ಮ ದೇಶದಲ್ಲಿ ಇರಲಾರದು.

ರೈಟರ್ಸ್ ಕಟ್ಟಡ ಎದ್ದದ್ದು 1777ರಿಂದ 1780ರ ನಡುವೆ, ಈಸ್ಟ್ ಇಂಡಿಯಾ ಕಂಪನಿಯ ಕಿರಿಯ ಗುಮಾಸ್ತರ ವಸತಿಗೆಂದು. ಹದಿನೆಂಟನೇ ಶತಮಾನದ ಮಧ್ಯದಲ್ಲಿ ಅಂಥ ಗುಮಾಸ್ತನ ಸಂಬಳ ವರ್ಷಕ್ಕೆ ಐದು ಪೌಂಡು. ಆ ಸಂಬಳಕ್ಕೆ ಆರು ತಿಂಗಳು ಹಡಗಿನಲ್ಲಿ ಕೂತು, ಅರ್ಧಕ್ಕರ್ಧ ಜನ ಜ್ವರಕ್ಕೆ ಬಲಿಯಾಗುವ ಊರಿಗೆ ಯಾರು ಬಂದಾರು? ಬಂದವರೆಲ್ಲ ಬಂದದ್ದು ಸ್ವಂತ ವ್ಯಾಪಾರಕ್ಕೆ. ಕಂಪನಿಗೂ ಅದು ಗೊತ್ತಿತ್ತು. ಸಂಬಳ ಕಡಿಮೆ ಕೊಟ್ಟು ಉಳಿದದ್ದನ್ನು ನೀವೇ ನೋಡಿಕೊಳ್ಳಿ ಎನ್ನುವ ಏರ್ಪಾಡು ಅದು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕೆಲವು ಹುದ್ದೆಗಳನ್ನು ಇಂದಿಗೂ ‘ಒಳ್ಳೆಯ ಜಾಗ’ ಎಂದು ಕರೆಯುತ್ತಾರಲ್ಲ, ಆ ಲೆಕ್ಕ.

ಒಂದು ಕಾಗದದ ಕಥೆ ಇಲ್ಲಿ ಹೇಳಲೇಬೇಕು. ಅದರ ಹೆಸರು ದಸ್ತಕ್. 1717ರಲ್ಲಿ ಮೊಘಲ್ ಬಾದಶಹ ಫರೂಖ್‌ಸಿಯರ್ ಕೊಟ್ಟ ಫರ್ಮಾನಿನ ಬಲದಿಂದ ಕಂಪನಿಯ ಸರಕು ಸುಂಕವಿಲ್ಲದೆ ಬಂಗಾಳದಲ್ಲಿ ಓಡಾಡಬಹುದಿತ್ತು. ಸುಂಕದ ಕಟ್ಟೆಯಲ್ಲಿ ತೋರಿಸಲು ಕಂಪನಿಯ ಅಧಿಕಾರಿ ಬರೆದುಕೊಡುವ ಚೀಟಿಯೇ ದಸ್ತಕ್. ಗುಮಾಸ್ತರು ಮೊದಲು ತಮ್ಮ ಸ್ವಂತ ಉಪ್ಪು, ಅಡಿಕೆ, ಹೊಗೆಸೊಪ್ಪಿಗೂ ಅದೇ ಚೀಟಿ ಬಳಸಿದರು. ಆಮೇಲೆ ಚೀಟಿಯನ್ನೇ ಊರ ವ್ಯಾಪಾರಿಗಳಿಗೆ ಮಾರತೊಡಗಿದರು. ಸುಂಕ ಕಟ್ಟುವ ವ್ಯಾಪಾರಿ ಮುಳುಗಿದ, ಚೀಟಿ ಕೊಂಡವನು ತೇಲಿದ. ನವಾಬ ಮೀರ್ ಕಾಸಿಂ ದೂರಿ ದೂರಿ ಸಾಕಾಗಿ, 1763ರಲ್ಲಿ ಬೇರೆಯೇ ಒಂದು ದಾರಿ ಹಿಡಿದ. ಸುಂಕವನ್ನೇ ಎಲ್ಲರಿಗೂ ತೆಗೆದುಹಾಕಿದ! ಸುಂಕದ ಲೆಕ್ಕದಲ್ಲಿ ಕಂಪನಿಯವರಿಗೆ ಇದರಿಂದ ಒಂದು ಕಾಸೂ ನಷ್ಟವಿಲ್ಲ. ಅವರು ಮೊದಲೂ ಸುಂಕ ಕಟ್ಟುತ್ತಿರಲಿಲ್ಲ, ಈಗಲೂ ಕಟ್ಟಬೇಕಿಲ್ಲ. ಆದರೂ ಅವರು ಕೆರಳಿದರು, ಯುದ್ಧವಾಯಿತು, ಮರುವರ್ಷ ಬಕ್ಸಾರ್‌ನಲ್ಲಿ ಬಂಗಾಳದ ಹಣೆಬರಹ ತೀರ್ಮಾನವಾಯಿತು.

ಲೋಭದ ಕುರಿತ ಧರ್ಮಬೋಧೆಗಳು ಸಾಮಾನ್ಯವಾಗಿ ಮರೆಯುವ ಸಂಗತಿ ಇದು. ಇನ್ನಷ್ಟು ಬೇಕು ಎನ್ನುವುದು ಲೋಭದ ಒಂದು ಮುಖ ಮಾತ್ರ. ಪಕ್ಕದವನಿಗೆ ಇಲ್ಲದ್ದು ನನಗಿರಬೇಕು, ಅವನಿಗೂ ಸಿಕ್ಕರೆ ನನ್ನದರ ಬೆಲೆ ಹೋಯಿತು ಎನ್ನುವುದು ಇನ್ನೊಂದು ಮುಖ. ಷಡ್ವರ್ಗದ ಪಟ್ಟಿಯಲ್ಲಿ ಲೋಭ ಮತ್ತು ಮತ್ಸರ ಬೇರೆಬೇರೆಯಾಗಿದ್ದರೂ ಸುಂಕದ ಕಟ್ಟೆಯಲ್ಲಿ ಅವೆರಡೂ ಒಂದೇ.

1765ರಲ್ಲಿ ದಿವಾನಿ, ಅಂದರೆ ಕಂದಾಯ ಎತ್ತುವ ಹಕ್ಕು, ಕಂಪನಿಯ ಕೈಗೆ ಬಂತು. ಐದೇ ವರ್ಷಕ್ಕೆ, 1770ರಲ್ಲಿ ಮಹಾಕ್ಷಾಮ. ಬಂಗಾಳದ ಮೂರರಲ್ಲೊಂದು ಪಾಲು ಜನ ಸತ್ತರೆಂದು ಅಂದಾಜಿಸಿದವನು ವಾರನ್ ಹೇಸ್ಟಿಂಗ್ಸ್. ಅದೇ ಹೇಸ್ಟಿಂಗ್ಸ್ 1772ರಲ್ಲಿ ಲಂಡನ್ನಿಗೆ ಬರೆದ ವರದಿಯಲ್ಲಿ, ಜನ ಅಷ್ಟು ಸತ್ತಮೇಲೂ 1771ರ ಕಂದಾಯ ವಸೂಲಿ 1768ರದ್ದನ್ನೂ ಮೀರಿತು ಎಂದು ದಾಖಲಿಸಿದ್ದಾನೆ. ಬಲವಂತದಿಂದ ಹಳೆಯ ಮಟ್ಟ ಕಾಯ್ದುಕೊಂಡದ್ದರಿಂದ ಹಾಗಾಯಿತೆಂದು ಒಪ್ಪಿಕೊಂಡೂ ಇದ್ದಾನೆ. ಕಂದಾಯದ ಗುರಿ ಬರೆದವನು, ವಸೂಲಿಗೆ ಹೋದವನು, ಲಂಡನ್ನಿನಲ್ಲಿ ಲಾಭಾಂಶ ಪಡೆದವನು ಮೂವರೂ ಬೇರೆಬೇರೆ. ಯಾರೊಬ್ಬನ ಮನೆಯ ಮುಂದೂ ಹೆಣ ಬಿದ್ದಿರಲಿಲ್ಲ. ಪ್ಲಾಸಿ ಕದನದ ಬಳಿಕ 2,34,000 ಪೌಂಡು ಉಡುಗೊರೆ ಪಡೆದ ರಾಬರ್ಟ್ ಕ್ಲೈವ್ 1773ರಲ್ಲಿ ಪಾರ್ಲಿಮೆಂಟಿನ ವಿಚಾರಣೆ ಎದುರಿಸುವಾಗ, ಖಜಾನೆಯಲ್ಲಿ ಕಂಡದ್ದನ್ನು ನೆನೆದರೆ ತನ್ನ ಸಂಯಮಕ್ಕೆ ತಾನೇ ಬೆರಗಾಗುತ್ತೇನೆ ಎಂಬರ್ಥದ ಮಾತಾಡಿದ. ನಗು ಬರುತ್ತದೆ, ಆದರೆ ಅವನು ಸುಳ್ಳು ಹೇಳುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ. ಸುತ್ತಲಿನವರೆಲ್ಲ ತೆಗೆದುಕೊಳ್ಳುವ ಜಾಗದಲ್ಲಿ ಸ್ವಲ್ಪ ಬಿಟ್ಟವನಿಗೆ ತಾನು ಸಂತನೆಂದೇ ತೋರುತ್ತದೆ.

ನಮ್ಮ ಕಡೆಯ ಒಂದು ಎಳೆಯೂ ಈ ಚೌಕಕ್ಕೆ ಬಂದು ಸೇರುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ, ಊರು ಸೂರೆಯಾಯಿತು. ಸೈನ್ಯಕ್ಕೆ ಹಂಚಿಕೆಯಾದ ಕೊಳ್ಳೆಯ ಮೊತ್ತ ಹತ್ತು ಲಕ್ಷ ಪೌಂಡನ್ನೂ ದಾಟಿತು. ದರ್ಜೆಯ ಪ್ರಕಾರ ಪಾಲು: ಜನರಲ್ ಹ್ಯಾರಿಸ್‌ಗೆ ಲಕ್ಷದ ಮೇಲೆ ಪೌಂಡು, ಸಾಮಾನ್ಯ ಸಿಪಾಯಿಗೆ ಬೆರಳೆಣಿಕೆಯಷ್ಟು. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ತನಗೆಂದು ಎತ್ತಿಟ್ಟ ಒಂದು ಲಕ್ಷ ಪೌಂಡನ್ನು ಬೇಡವೆಂದ. ವೈಯಕ್ತಿಕವಾಗಿ ಕೈ ಶುದ್ಧ. ಅದೇ ಮನುಷ್ಯ ಅದೇ ವರ್ಷ ಕಲ್ಕತ್ತೆಯಲ್ಲಿ ತನ್ನ ವಾಸಕ್ಕೆ ಅರಮನೆ ಕಟ್ಟಿಸಲು ಶುರುಮಾಡಿ 1803ರ ಹೊತ್ತಿಗೆ ಮುಗಿಸಿದ. ಖರ್ಚು ಕಂಡು ಕಂಪನಿಯ ನಿರ್ದೇಶಕರೇ ತಲೆಯ ಮೇಲೆ ಕೈಹೊತ್ತರು. ಇವನೇ ಸ್ಥಾಪಿಸಿದ ಫೋರ್ಟ್ ವಿಲಿಯಂ ಕಾಲೇಜಿನ ಶಾಸನಕ್ಕೆ 1800ರ ಮೇ 4 ಎಂದು ದಿನಾಂಕ ಹಾಕಿಸಿದ್ದು ಶ್ರೀರಂಗಪಟ್ಟಣದ ಮೊದಲ ವಾರ್ಷಿಕೋತ್ಸವಕ್ಕೆಂದು. ಕಾಲೇಜು ನಡೆದದ್ದು ರೈಟರ್ಸ್ ಬಿಲ್ಡಿಂಗ್‌ನಲ್ಲಿ, ಟಿಪ್ಪುವಿನ ಗ್ರಂಥಭಂಡಾರದ ಒಂದು ಭಾಗ ಬಂದು ಸೇರಿದ್ದೂ ಆ ಕಾಲೇಜಿಗೆ. ಅಲ್ಲಿ ಪಾಠ ಹೇಳುತ್ತಿದ್ದ ವಿಲಿಯಂ ಕೇರಿ 1817ರಲ್ಲಿ ಶ್ರೀರಾಮಪುರದಿಂದ ಕನ್ನಡದ ಒಂದು ವ್ಯಾಕರಣವನ್ನೂ ಅಚ್ಚುಹಾಕಿಸಿದ. ಕೊಳ್ಳೆಯ ಹಣದಿಂದ ವಿದ್ಯೆಯೂ ಬಂತಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಬಂತು, ಆದರೆ ಲೆಕ್ಕದ ಆ ಎರಡು ಕಲಮುಗಳನ್ನು ಒಂದಕ್ಕೊಂದು ವಜಾ ಹಾಕಲು ಬರುವುದಿಲ್ಲ.

ಲೋಭ ಅಚ್ಚುಕಟ್ಟಾದ ಆಡಳಿತವಾದದ್ದು ಅಫೀಮಿನಲ್ಲಿ. 1773ರಲ್ಲಿ ಕಂಪನಿ ಬಂಗಾಳ-ಬಿಹಾರದ ಅಫೀಮಿನ ಏಕಸ್ವಾಮ್ಯ ಹಿಡಿಯಿತು. ರೈತನಿಗೆ ಮುಂಗಡ ಕೊಟ್ಟು ಗಸಗಸೆ ಬೆಳೆಸುವುದು, ಹಾಲನ್ನು ನಿಗದಿಯಾದ ದರಕ್ಕೆ ತೆಗೆದುಕೊಳ್ಳುವುದು, ಪಟ್ನಾ ಮತ್ತು ಗಾಜೀಪುರದ ಕಾರ್ಖಾನೆಗಳಲ್ಲಿ ಉಂಡೆ ಕಟ್ಟಿ ಪೆಟ್ಟಿಗೆಗೆ ತುಂಬಿ ಗಂಗೆಯಲ್ಲಿ ಕಲ್ಕತ್ತೆಗೆ ಇಳಿಸುವುದು. ಚೀನಾದಲ್ಲಿ ಅಫೀಮು ನಿಷಿದ್ಧವೆಂಬುದು ಎಲ್ಲರಿಗೂ ತಿಳಿದಿತ್ತು. ಅದಕ್ಕೇ ಕಂಪನಿ ಸಾಮಾನ್ಯವಾಗಿ ಪೆಟ್ಟಿಗೆಗಳನ್ನು ತಾನೇ ಚೀನಾಕ್ಕೆ ಒಯ್ಯುತ್ತಿರಲಿಲ್ಲ. ಕಲ್ಕತ್ತೆಯಲ್ಲಿ ಹರಾಜು ಹಾಕಿತು. ಕೊಂಡ ಖಾಸಗಿ ವರ್ತಕ ಅದನ್ನು ಎಲ್ಲಿಗಾದರೂ ಒಯ್ಯಲಿ, ಸುತ್ತಿಗೆ ಬಿದ್ದ ಮೇಲೆ ಕಂಪನಿಗೆ ಸಂಬಂಧವಿಲ್ಲ. ಶತಮಾನದ ಆರಂಭದಲ್ಲಿ ವರ್ಷಕ್ಕೆ ನಾಲ್ಕು ಸಾವಿರದ ಆಸುಪಾಸಿದ್ದ ಪೆಟ್ಟಿಗೆಗಳ ರವಾನೆ, ಭಾರತದ ಎಲ್ಲ ಬಂದರುಗಳೂ ಸೇರಿ, 1830ರ ದಶಕದ ಕೊನೆಗೆ ನಲವತ್ತು ಸಾವಿರದ ಹತ್ತಿರ ಹೋಯಿತು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಷು ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ವಶಪಡಿಸಿಕೊಂಡು ನಾಶಮಾಡಿದಾಗ ಬ್ರಿಟನ್ ಯುದ್ಧಕ್ಕೇ ಹೋಯಿತು.

ಈ ಇಡೀ ಸರಪಳಿಯಲ್ಲಿ ಖಳನಾಯಕನನ್ನು ಹುಡುಕಿ ನೋಡಿ. ತೂಕ ಹಾಕುವವನು ತೂಕ ಹಾಕಿದ, ಬರೆಯುವವನು ಬರೆದ, ಹರಾಜು ಕೂಗುವವನು ಕೂಗಿದ. ಸಂಜೆ ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಮಲಗಿದರು. ಬ್ರಿಟಿಷ್ ಇಂಡಿಯಾದ ಆದಾಯದಲ್ಲಿ ಒಂದು ಕಾಲಕ್ಕೆ ಆರೇಳು ರೂಪಾಯಿಗೆ ಒಂದು ರೂಪಾಯಿ ಅಫೀಮಿನದ್ದು.

ವ್ಯಸನದ ವಿಷಯದಲ್ಲಿ ಈ ಊರಿನ ಸರ್ಕಾರ ತೋರಿದ ಇನ್ನೊಂದು ಇಬ್ಬಂದಿತನ ಸ್ವಾರಸ್ಯದ್ದು. ಸೇಂಟ್ ಜಾನ್ಸ್ ಚರ್ಚಿಗೆ (1787) ಕೂಡಿದ ಹಣದಲ್ಲಿ ಒಂದು ಪಾಲು ಲಾಟರಿಯದು. 1813ರ ಟೌನ್ ಹಾಲ್ ಲಾಟರಿಯದು. 1817ರಿಂದ ಊರಿನ ರಸ್ತೆ, ಕೆರೆಗಳನ್ನು ನೋಡಿಕೊಂಡ ಸಮಿತಿಯ ಹೆಸರೇ ಲಾಟರಿ ಕಮಿಟಿ. ಆದರೆ ಅದೇ ಶತಮಾನದ ಕೊನೆಗೆ ಪಕ್ಕದ ಬಡಾಬಜಾರಿನಲ್ಲಿ ಮಾರ್ವಾಡಿ ವ್ಯಾಪಾರಿಗಳು ಮಳೆಯ ಮೇಲೆ ಬಾಜಿ ಕಟ್ಟುತ್ತಿದ್ದರು. ಮಾಳಿಗೆಯ ನೀರು ಹೋಗುವ ದೋಣಿಯನ್ನು ದಿಟ್ಟಿಸುತ್ತ, ಇಂಥ ಹೊತ್ತಿನೊಳಗೆ ಅದು ತುಂಬಿ ಹರಿಯುತ್ತದೋ ಇಲ್ಲವೋ ಎಂಬುದೇ ಪಂದ್ಯ. ಇದು ಸಮಾಜಕ್ಕೆ ಮಾರಕವೆಂದು 1897ರಲ್ಲಿ ಮಳೆ ಜೂಜಿನ ವಿರುದ್ಧವೇ ಬಂಗಾಳದಲ್ಲಿ ಒಂದು ಕಾಯ್ದೆ ಬಂತು. ಕುದುರೆ ರೇಸಿನ ಬಾಜಿಗೆ ಏನೂ ಆಗಲಿಲ್ಲ, ಅಲ್ಲಿ ಸಾಹೇಬರು ಇದ್ದರು. ನಮ್ಮ ಕರ್ನಾಟಕದಲ್ಲಿ ಲಾಟರಿ 2007ರಲ್ಲಿ ನಿಂತಿತು. ತಲಪಾಡಿ ದಾಟಿ ಕಾಸರಗೋಡಿಗೆ ಹೋದರೆ ಕೇರಳ ಸರ್ಕಾರದ್ದೇ ಟಿಕೆಟ್ಟು. 2024ರ ಓಣಂ ಬಂಪರ್‌ನ 25 ಕೋಟಿ ಬಂದದ್ದೂ ಕನ್ನಡಿಗರೊಬ್ಬರಿಗೆ. ಗಡಿಯ ಆಚೆ ಪುಣ್ಯ, ಈಚೆ ಪಾಪ.

ಬ್ಯಾಂಕು ಮುಳುಗಿಸುವುದರಲ್ಲಿ ನಮ್ಮವರು ಯಾರಿಗೂ ಕಡಿಮೆಯಿರಲಿಲ್ಲ. 1829ರಲ್ಲಿ ದ್ವಾರಕಾನಾಥ ಠಾಕೂರ್ ಮತ್ತಿತರರು ಕೂಡಿ ಕಟ್ಟಿದ ಯೂನಿಯನ್ ಬ್ಯಾಂಕ್ ನೀಲಿ ಬೆಳೆಯ ಕಂಪನಿಗಳಿಗೆ, ಅಂದರೆ ಬಹುಪಾಲು ತನ್ನದೇ ನಿರ್ದೇಶಕರ ಕಂಪನಿಗಳಿಗೆ, ಸಾಲ ಕೊಟ್ಟೂ ಕೊಟ್ಟೂ 1848ರ ಜನವರಿಯಲ್ಲಿ ಬಾಗಿಲು ಹಾಕಿತು. ಇಂಥ ಸುದ್ದಿಯನ್ನು ಕರ್ನಾಟಕದ ಸಹಕಾರಿ ಬ್ಯಾಂಕುಗಳ ಠೇವಣಿದಾರರಿಗೆ ವಿವರಿಸಿ ಹೇಳಬೇಕಿಲ್ಲ.

1943ರ ಕ್ಷಾಮದ ಬಗ್ಗೆ ಬರೆಯುವಾಗ ಎಚ್ಚರ ಬೇಕು. ಯುದ್ಧಕಾಲದ ಹಣದುಬ್ಬರ, ಬರ್ಮಾದ ಅಕ್ಕಿ ನಿಂತದ್ದು, ಜಪಾನೀಯರ ಕೈಗೆ ಸಿಗದಿರಲೆಂದು ಕರಾವಳಿಯ ದೋಣಿಗಳನ್ನು ಕಿತ್ತುಕೊಂಡದ್ದು, ಲಂಡನ್ನಿನ ಉದಾಸೀನ, ಇವೆಲ್ಲ ಬಿಟ್ಟು ದಾಸ್ತಾನುಗಾರರ ದುರಾಸೆಯೊಂದನ್ನೇ ಕಾರಣ ಮಾಡಿದರೆ ಅದು ಆಳುವವರಿಗೆ ಅನುಕೂಲದ ಕಥೆ. ಆಗ ಆಳಿದವರು ಹೇಳಿದ್ದೂ ಅದನ್ನೇ. ಆದರೂ ದಾಸ್ತಾನು ನಡೆಯಿತು ಎಂಬುದು ಸುಳ್ಳಲ್ಲ. 1945ರಲ್ಲಿ ವರದಿ ಕೊಟ್ಟ ಕ್ಷಾಮ ವಿಚಾರಣಾ ಆಯೋಗ ಸತ್ತವರನ್ನು ಹದಿನೈದು ಲಕ್ಷವೆಂದೂ ಆ ವರ್ಷ ಅಕ್ಕಿ ವ್ಯಾಪಾರದಲ್ಲಿ ಬಂದ ಅತಿಲಾಭವನ್ನು 150 ಕೋಟಿ ರೂಪಾಯಿಯೆಂದೂ ಅಂದಾಜಿಸಿ, ಭಾಗಾಕಾರವನ್ನೂ ತಾನೇ ಮಾಡಿತು: ಒಂದು ಸಾವಿಗೆ ಸುಮಾರು ಸಾವಿರ ರೂಪಾಯಿ. ಸತ್ತವರ ಸಂಖ್ಯೆ ಇದರ ಇಮ್ಮಡಿಯಷ್ಟು ಎಂದು ನಂತರದ ವಿದ್ವಾಂಸರು ಲೆಕ್ಕಹಾಕಿದ್ದಾರೆ. ಹಾಗಾದರೆ ತಲೆಗೆ ಐನೂರಾಯಿತು.

ಸ್ವಾತಂತ್ರ್ಯದ ನಂತರ ಈ ಊರಿನ ಮಧ್ಯಮವರ್ಗದ ಕೈಗೆ ನಾಲ್ಕು ಕಾಸು ಬಂದಮೇಲೆ ಲೋಭದ ಕಚೇರಿ ವೇಷ ಬದಲಿಸಿ ಠೇವಣಿ ಕಂಪನಿಯಾಯಿತು. 1975ರಲ್ಲಿ ಏಳು ಸಾವಿರ ರೂಪಾಯಿ ಬಂಡವಾಳದಲ್ಲಿ ಮೂವರು ಪಾಲುದಾರರು ಸಂಚಯಿತಾ ಇನ್ವೆಸ್ಟ್‌ಮೆಂಟ್ಸ್ ಶುರುಮಾಡಿದರು. ಬಡ್ಡಿ ವರ್ಷಕ್ಕೆ ನೂರಕ್ಕೆ 48. ರಸೀದಿಯಲ್ಲಿ ಕಾಣುವುದು 12, ಉಳಿದ 36 ನಗದಾಗಿ, ಕೈಯಿಂದ ಕೈಗೆ. 1980ರ ಡಿಸೆಂಬರಿನಲ್ಲಿ ದಾಳಿಯಾಗುವ ಹೊತ್ತಿಗೆ ಠೇವಣಿ ನೂರು ಕೋಟಿ ಮೀರಿತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಇದು 1978ರ ಕಾಯ್ದೆ ನಿಷೇಧಿಸಿದ ಬಗೆಯ ಯೋಜನೆಯಲ್ಲವೆಂದು 1982ರಲ್ಲಿ ತೀರ್ಪಾಯಿತು. ರಸೀದಿಯಿಲ್ಲದ ಆ 36 ರೂಪಾಯಿಯನ್ನು ತಿಂಗಳು ತಿಂಗಳು ಎಣಿಸಿಕೊಂಡು ಜೇಬಿಗಿಳಿಸಿದ ಠೇವಣಿದಾರನನ್ನು ಅಮಾಯಕ ಎನ್ನಲು ನನಗೆ ಬಾಯಿ ಬರುವುದಿಲ್ಲ. ತೆರಿಗೆ ತಪ್ಪಿಸುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು.

ಆದರೆ ಅದೇ ಮಾತನ್ನು ಶಾರದಾ ಗುಂಪಿನ ಠೇವಣಿದಾರರ ಮೇಲೆ ಹೊರಿಸಲಾಗದು. 2013ರ ಏಪ್ರಿಲಿನಲ್ಲಿ ಶಾರದಾ ಕುಸಿದಾಗ ಸಿಕ್ಕಿಬಿದ್ದವರು ಹದಿನೇಳು ಲಕ್ಷ ಜನ ಎಂದು ಅಂದಾಜು, ಮೊತ್ತ ಸುಮಾರು 2,500 ಕೋಟಿ. ಭಾಗಿಸಿ ನೋಡಿದರೆ ತಲೆಗೆ ಹದಿನೈದು ಸಾವಿರವೂ ಇಲ್ಲ. ರಿಕ್ಷಾದವರು, ತರಕಾರಿ ಮಾರುವವರು, ಮನೆಗೆಲಸದವರು. ಇವರು ಮೊದಲು ಹಣ ಇಡುತ್ತಿದ್ದದ್ದು ಎಲ್ಲಿ? ಅಂಚೆ ಕಚೇರಿಯಲ್ಲಿ. ಸಣ್ಣ ಉಳಿತಾಯದಲ್ಲಿ ಪಶ್ಚಿಮ ಬಂಗಾಳ ದೇಶಕ್ಕೇ ಮುಂದಿತ್ತು. ಮನೆಮನೆಗೆ ಬಂದು ಫಾರಂ ತುಂಬಿಸಿಕೊಂಡು ಹೋಗುವ ಏಜೆಂಟರು ಅದರ ಬೆನ್ನೆಲುಬು. 2011ರ ಡಿಸೆಂಬರಿನಿಂದ ಕೇಂದ್ರ ಸರ್ಕಾರ ಏಜೆಂಟರ ಕಮಿಷನ್ನನ್ನು ಅನೇಕ ಯೋಜನೆಗಳಲ್ಲಿ ಒಂದರಿಂದ ಅರ್ಧ ಪರ್ಸೆಂಟಿಗೆ ಇಳಿಸಿತು, ಕೆಲವದರಲ್ಲಿ ತೆಗೆದೇ ಹಾಕಿತು. ಪಕ್ಕದಲ್ಲೇ ಶಾರದಾದಂಥ ಕಂಪನಿಗಳು ಅಂಚೆಯವರು ಕನಸಿನಲ್ಲೂ ಕೊಡದಷ್ಟು ಕಮಿಷನ್ ಹಿಡಿದು ನಿಂತಿದ್ದವು. ಏಜೆಂಟ್ ಬದಲಾಗಲಿಲ್ಲ, ಅವನ ಬ್ಯಾಗಿನೊಳಗಿನ ಫಾರಂ ಬದಲಾಯಿತು. ಹಣ ಕೊಡುವವಳು ನಂಬಿದ್ದು ಕಂಪನಿಯನ್ನಲ್ಲ, ಹತ್ತು ವರ್ಷದಿಂದ ಬಾಗಿಲಿಗೆ ಬರುತ್ತಿದ್ದ ಆ ‘ದಾದಾ’ನನ್ನು, ಅಂದರೆ ಅಣ್ಣನನ್ನು. ಹೆಸರಿನಲ್ಲಿ ಶಾರದಾ ಮಾತೆಯ ನೆನಪು, ಕಂಪನಿಯದೇ ಪತ್ರಿಕೆ ಮತ್ತು ಟಿವಿ, ವೇದಿಕೆಯ ಮೇಲೆ ರಾಜಕಾರಣಿಗಳು.

ತಡೆಯಬೇಕಾದವರು? ಇದು ಠೇವಣಿಯಲ್ಲ, ನಿವೇಶನಕ್ಕೆ, ಪ್ರವಾಸಕ್ಕೆ ಕೊಟ್ಟ ಮುಂಗಡ ಎಂದು ಕಂಪನಿ ಹೇಳುತ್ತಿತ್ತು. ತಡೆಯುವ ಹೊಣೆ ರಿಸರ್ವ್ ಬ್ಯಾಂಕಿನದೋ ಷೇರುಪೇಟೆ ನಿಯಂತ್ರಕ ಸೆಬಿಯದೋ ರಾಜ್ಯದ್ದೋ ಎಂಬ ಗೊಂದಲದಲ್ಲಿ ವರ್ಷಗಳು ಹೋದವು. ಠೇವಣಿದಾರರ ರಕ್ಷಣೆಗೆ ರಾಜ್ಯ ವಿಧಾನಸಭೆ ಒಪ್ಪಿದ್ದ 2009ರ ಮಸೂದೆ ದೆಹಲಿಯ ಅಂಕಿತಕ್ಕೆ ಕಾದು ಕೂತಿತ್ತು. ಕುಸಿದ ಮೇಲೆ ರಾಜ್ಯ ಸರ್ಕಾರ 500 ಕೋಟಿಯ ಪರಿಹಾರ ನಿಧಿ ಘೋಷಿಸಿ, ಅದಕ್ಕೆ ಹಣ ಹೊಂದಿಸಲು ತಂಬಾಕಿನ ಮೇಲೆ ತೆರಿಗೆ ಏರಿಸಿತು. ಸ್ವಲ್ಪ ಹೆಚ್ಚು ಸಿಗರೇಟು ಸೇದಿ ಎಂದು ಮುಖ್ಯಮಂತ್ರಿಗಳು ಹೇಳಿದ್ದು ಆಗ ಸುದ್ದಿಯಾಗಿತ್ತು. ಒಂದು ವ್ಯಸನದ ಗಾಯಕ್ಕೆ ಇನ್ನೊಂದು ವ್ಯಸನದ ಪಟ್ಟಿ. ಅದೇ ವರ್ಷದ ಅಕ್ಟೋಬರಿನಲ್ಲಿ ಸಚಿವಾಲಯ ರೈಟರ್ಸ್ ಬಿಟ್ಟು ಹೂಗ್ಲಿಯಾಚೆ ಹೌರಾದ ನಬಾನ್ನಕ್ಕೆ ಹೋಯಿತು.

(ಇದನ್ನೆಲ್ಲ ಪತ್ರಿಕೆಗಳು ‘ಚಿಟ್ ಫಂಡ್ ಹಗರಣ’ ಎಂದು ಬರೆದವು. ಪಾಪ, ನಮ್ಮ ಬೀದಿಯ ಚೀಟಿಗೂ ಇದಕ್ಕೂ ಸಂಬಂಧವಿಲ್ಲ. ಚೀಟಿಗೆ 1982ರ ಕಾನೂನಿದೆ, ಕರ್ನಾಟಕ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಚೀಟಿ ಕೂಗುವ ದಿನ ಸದಸ್ಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.)

ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿಯ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2019ರ ಜೂನಿನಲ್ಲಿ ಅದರ ಮುಖ್ಯಸ್ಥ ಮನ್ಸೂರ್ ಖಾನ್ ದುಬೈಗೆ ಹೋದ ಮೇಲೆ ಶಿವಾಜಿನಗರದಲ್ಲಿ ದೂರು ಕೊಡಲು ಸಾಲು ನಿಂತವರಲ್ಲಿ ಬಹಳ ಜನ ಬಡ್ಡಿ ನಿಷಿದ್ಧವೆಂದು ಬ್ಯಾಂಕಿನಿಂದ ದೂರ ಉಳಿದವರು. ಬಡ್ಡಿಯಲ್ಲ, ಲಾಭದ ಪಾಲು ಎಂಬ ಮಾತು ಅವರನ್ನು ಸೆಳೆದಿತ್ತು. ದೂರುಗಳ ಸಂಖ್ಯೆ ನಲವತ್ತು ಸಾವಿರ ದಾಟಿತು. ಅಲ್ಲಿ ಬಲೆಗೆ ಬಿದ್ದದ್ದು ಅವರ ಆಸೆಗಿಂತ ಹೆಚ್ಚಾಗಿ ಅವರ ನಿಷ್ಠೆ. ಬಳ್ಳಾರಿಯ ಗಣಿಯದು ಬೇರೆ ಬಗೆ, ದಸ್ತಕ್‌ನ ನೇರ ವಂಶ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಕೊಟ್ಟ ವರದಿ ರಾಜ್ಯದ ನಷ್ಟವನ್ನು 16,085 ಕೋಟಿ ಎಂದಿತು. ಲಾರಿಯಲ್ಲಿ ಅದಿರಿತ್ತು, ಸಾಲದಿದ್ದದ್ದು ಪರ್ಮಿಟ್ಟು. ಒಂದು ಪರ್ಮಿಟ್ಟಿನಲ್ಲಿ ಹಲವು ಲೋಡು ಹೋದವು.

ನಮ್ಮ ಪರಂಪರೆಯಲ್ಲಿ ಈ ವಿಷಯಕ್ಕೆ ಉಪದೇಶಗಳು ಹೇರಳ. ಅವುಗಳ ನಡುವೆ ನನಗೆ ಉಪಯುಕ್ತವೆನಿಸುವುದು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಮಾಮೂಲಿಗಿಂತ ಹೆಚ್ಚು ತಂದ. ಲಕ್ಕಮ್ಮ ನೋಡಿದವಳೇ ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಇದನ್ನು ಎಲ್ಲರೂ ತ್ಯಾಗದ ಕಥೆಯಾಗಿ ಹೇಳುತ್ತಾರೆ. ನನಗೆ ಇದು ತಪಾಸಣೆಯ ಕಥೆ. ಅವಳಿಗೆ ಅಳತೆ ಗೊತ್ತಿತ್ತು, ಬಾಗಿಲಲ್ಲೇ ಕೇಳಿದಳು, ಅದೇ ದಿನ ಕೇಳಿದಳು, ಆ ಅಕ್ಕಿಯಲ್ಲಿ ತನ್ನದೂ ತುತ್ತಿದ್ದರೂ ಕೇಳಿದಳು. ಪ್ಲಾಸಿಯ ನಂತರ ಕ್ಲೈವ್‌ನನ್ನು ಕೇಳಲು ಹದಿನಾರು ವರ್ಷ ಬೇಕಾಯಿತು. ಹೇಸ್ಟಿಂಗ್ಸ್ ಮೇಲಿನ ಮಹಾಭಿಯೋಗ 1788ರಿಂದ 1795ರವರೆಗೆ ನಡೆದು ಖುಲಾಸೆಯಲ್ಲಿ ಮುಗಿಯಿತು. ಕಲ್ಕತ್ತೆಯಲ್ಲೇ ಕೂತು ಆಯಾ ವಾರವೇ ಕೇಳಿದವನು ಒಬ್ಬನಿದ್ದ. 1780ರಲ್ಲಿ ಇಲ್ಲಿ ಮೊದಲ ಪತ್ರಿಕೆ ತೆಗೆದ ಜೇಮ್ಸ್ ಹಿಕ್ಕಿ. ಅವನಿಗೆ ಸಿಕ್ಕಿದ್ದು ಜೈಲು, ಅಚ್ಚುಮೊಳೆಗಳ ಜಪ್ತಿ. ಚೌಕದ ಹತ್ತಿರದ ಡೆಕರ್ಸ್ ಲೇನ್‌ಗೆ ಈಗ ಅಧಿಕೃತವಾಗಿ ಅವನ ಹೆಸರಿದೆ, ಕಚೇರಿಯವರು ಮಧ್ಯಾಹ್ನ ಅಲ್ಲಿ ನಿಂತು ಸ್ಟ್ಯೂ, ಟೋಸ್ಟು ತಿನ್ನುತ್ತಾರೆ.

ಇನ್ನು ಲಯನ್ಸ್ ರೇಂಜ್. ಕೊಂಡ ಷೇರಿಗೆ ಹಣ ಕಟ್ಟದೆ ಬಡ್ಡಿ ತೆತ್ತು ಮುಂದಿನ ಅವಧಿಗೆ ತಳ್ಳುವ ಬದ್ಲಾ ವ್ಯವಹಾರ ಅಲ್ಲಿ ಪುಸ್ತಕದ ಒಳಗೂ ಹೊರಗೂ ನಡೆಯುತ್ತಿತ್ತು. 2001ರ ಮಾರ್ಚಿನಲ್ಲಿ ಷೇರು ದಲ್ಲಾಳಿ ಕೇತನ್ ಪಾರೇಖ್ ಏರಿಸಿದ್ದ ಷೇರುಗಳು ಕುಸಿದಾಗ ಕೆಲವು ದಲ್ಲಾಳಿಗಳು ಹಣ ಕಟ್ಟದೆ ಕೈಯೆತ್ತಿದರು. ವಿನಿಮಯ ಕೇಂದ್ರ ಆಮೇಲೆ ತಲೆಯೆತ್ತಲಿಲ್ಲ. 2013ರಿಂದ ಅದರ ಸ್ವಂತ ವಹಿವಾಟೇ ನಿಂತಿದೆ. ಹಾಗೆಂದು ಆ ವ್ಯಸನ ನಿಂತಿತೇ? ಅದು ಫೋನಿಗೆ ಬಂತು, ಷೇರು ವಹಿವಾಟಿನ ಆ್ಯಪ್‌ಗಳ ದೊಡ್ಡ ಕಂಪನಿಗಳು ನಮ್ಮ ಬೆಂಗಳೂರಿನಲ್ಲೇ ಇವೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಕಳೆದದ್ದು 1.8 ಲಕ್ಷ ಕೋಟಿಗೂ ಹೆಚ್ಚು ಎಂದು ಸೆಬಿಯದೇ ಅಧ್ಯಯನ ಹೇಳಿತು. ಶಾರದಾದ ಎಪ್ಪತ್ತು ಪಟ್ಟು. ಇದರಲ್ಲಿ ದಲ್ಲಾಳಿ ಕಮಿಷನ್, ಶುಲ್ಕ, ತೆರಿಗೆ ಎಂದು ಹೋದದ್ದು ಸುಮಾರು ಐವತ್ತು ಸಾವಿರ ಕೋಟಿ. ಗೆದ್ದವರಲ್ಲಿ ಹೆಚ್ಚಿನವರು ಕಂಪ್ಯೂಟರ್ ಪ್ರೋಗ್ರಾಮಿನಿಂದ ಆಡುವ ದೊಡ್ಡ ಸಂಸ್ಥೆಗಳು. ಇಲ್ಲಿ ಯಾರೂ ಓಡಿಹೋಗಿಲ್ಲ, ಎಲ್ಲಕ್ಕೂ ರಸೀದಿ ಇದೆ.

ಹುಡುಗರ ದುರಾಸೆ ಎಂದು ಇದನ್ನು ತಳ್ಳಿಹಾಕುವ ಹಿರಿಯರು ಮನೆಮನೆಯಲ್ಲಿದ್ದಾರೆ. ಅವರು ಸರ್ಕಾರದ ನಡೆಯನ್ನೂ ಸ್ವಲ್ಪ ನೋಡಲಿ. ಆನ್‌ಲೈನ್ ಹಣದಾಟಕ್ಕೆ 2023ರ ಅಕ್ಟೋಬರಿನಿಂದ ನೂರಕ್ಕೆ 28 ಜಿಎಸ್‌ಟಿ ಹಾಕಿ ಎರಡು ವರ್ಷ ತನ್ನ ಪಾಲು ತೆಗೆದುಕೊಂಡಿತು, 2025ರ ಆಗಸ್ಟಿನಲ್ಲಿ ಅದೇ ಆಟ ಸಮಾಜಕ್ಕೆ ಮಾರಕವೆಂದು ಕಾಯ್ದೆ ತಂದು ನಿಷೇಧಿಸಿತು. ಆಪ್ಷನ್ಸ್ ಮೇಲಿನ ವಹಿವಾಟು ತೆರಿಗೆಯನ್ನು 2024ರ ಅಕ್ಟೋಬರಿನಲ್ಲಿ ಏರಿಸಿತು, ನಿಷೇಧದ ಮಾತೆತ್ತಲಿಲ್ಲ. ಕುದುರೆ ರೇಸು ಬೆಂಗಳೂರಿನಲ್ಲೂ ಕೋಲ್ಕತ್ತದಲ್ಲೂ ನಡೆಯುತ್ತಲೇ ಇದೆ.